ಸಾಲಿನ ಕೊನೆಯಲ್ಲಿ ನಡೆಯುವ ಕೆಲಸ

ಮುಂಬಯಿಯ ನಮ್ಮ ನಿವೃತ್ತ ಬ್ಯಾಂಕ್ ಸಿಬ್ಬಂದಿ ಬಳಗದಲ್ಲಿ ನನಗೊಂದು ಹುದ್ದೆಯಿದೆ. ನಿಯಮಾವಳಿಯಲ್ಲಿ ಅದರ ಹೆಸರಿಲ್ಲ, ವಾರ್ಷಿಕ ಮಹಾಸಭೆಯಲ್ಲಿ ಅದಕ್ಕೆ ಚುನಾವಣೆ ನಡೆಯುವುದೂ ಇಲ್ಲ. ನಡಿಗೆಗೋ ಒಂದು ದಿನದ ಪ್ರವಾಸಕ್ಕೋ ಹೊರಟಾಗ ಎಲ್ಲರಿಗಿಂತ ಹಿಂದೆ ನಡೆಯುವುದು, ಅಷ್ಟೇ. ಅಧ್ಯಕ್ಷರು ಬ್ಯಾನರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಕಾರ್ಯದರ್ಶಿ ಟಿಕೆಟು ಎಣಿಸುತ್ತಾರೆ, ಖಜಾಂಚಿ ಪ್ರತಿ ಚಹಾಕ್ಕೂ ರಸೀದಿ ಕೇಳಿ ಹೋಟೆಲಿನವರ ತಾಳ್ಮೆ ಪರೀಕ್ಷಿಸುತ್ತಾರೆ. ನಾನು ಹಿಂದೆ. ಮಂಡಿ ನೋವಿನವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಮೊಬೈಲಿನಲ್ಲಿ ಮರದ ಚಿತ್ರ ತೆಗೆಯುತ್ತಾ ಉಳಿದುಬಿಟ್ಟವರು, ಅಮೆರಿಕದಿಂದ ಮಗನ ಕರೆ ಬಂದಿತೆಂದು ರಸ್ತೆಯ ಮಧ್ಯದಲ್ಲೇ ನಿಂತವರು, ಇವರೆಲ್ಲ ನನ್ನ ಸುಪರ್ದಿಗೆ ಸೇರಿದವರು.

ಹಿಂದಿನಿಂದ ನೋಡಿದರೆ ಪ್ರವಾಸ ಬೇರೆಯೇ ಆಗಿ ಕಾಣುತ್ತದೆ. ಸಮಿತಿಯ ಸಭೆಯಲ್ಲಿ ಜಾಗ ಆರಿಸುವಾಗ ಎಲ್ಲರೂ ಕೇಳುವುದು ಅಲ್ಲಿ ನೋಡುವುದಕ್ಕೆ ಏನಿದೆ ಎಂದು. ನಾನು ಕೇಳುವುದು ಕುಳಿತುಕೊಳ್ಳುವುದಕ್ಕೆ ಏನಿದೆ ಎಂದು. ಈ ಪ್ರಶ್ನೆಗೆ ಮೊದಮೊದಲು ನಗುತ್ತಿದ್ದರು. ಈಗ ನಗುವವರ ಸಂಖ್ಯೆ ಕಡಿಮೆಯಾಗಿದೆ, ಏಕೆಂದರೆ ನಗುತ್ತಿದ್ದವರಲ್ಲಿ ಕೆಲವರು ಈಗ ನನ್ನ ಪಕ್ಕದಲ್ಲೇ ನಡೆಯುತ್ತಾರೆ.

ನಮ್ಮದು ದಕ್ಷಿಣ ಕನ್ನಡ–ಉಡುಪಿಯ ಮಣ್ಣಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕವಲೊಡೆದ ಬ್ಯಾಂಕುಗಳಲ್ಲಿ ಒಂದು. ಅವುಗಳಲ್ಲಿ ಕೆಲವು 1969ರಲ್ಲಿ, ಇನ್ನು ಕೆಲವು 1980ರಲ್ಲಿ ರಾಷ್ಟ್ರೀಕರಣವಾದವು. ಆಮೇಲೆ 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕು, 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ದೊಡ್ಡ ಬ್ಯಾಂಕುಗಳಲ್ಲಿ ವಿಲೀನಗೊಂಡವು. ನಮ್ಮದು ಯಾವುದು ಎಂಬುದು ಇಲ್ಲಿ ಬೇಡ. ಹಳೆಯ ಹೆಸರು ಈಗ ಯಾವ ಶಾಖೆಯ ಫಲಕದಲ್ಲೂ ಇಲ್ಲ, ಬಳಗದ ಲೆಟರ್‌ಹೆಡ್ಡಿನಲ್ಲಿ ಮಾತ್ರ ಉಳಿದುಕೊಂಡಿದೆ. ಇದರಿಂದ ಒಂದು ವಿಚಿತ್ರ ಪರಿಣಾಮವಾಗಿದೆ. ಈಚೆಗೆ ನಿವೃತ್ತರಾಗುವವರು ದೊಡ್ಡ ಬ್ಯಾಂಕಿನ ದೊಡ್ಡ ಸಂಘಕ್ಕೆ ಸೇರುತ್ತಾರೆ. ನಮ್ಮಲ್ಲಿಗೆ ಅರವತ್ತರ ಹೊಸ ಕಾಲುಗಳು ಬರುವುದು ನಿಂತೇಹೋಗಿದೆ. ಸಾಲಿನ ಮುಂದಿದ್ದವರು ವರ್ಷ ಕಳೆದಂತೆ ನಡುವಿಗೆ, ನಡುವಿನವರು ಹಿಂದಕ್ಕೆ ಜಾರುತ್ತಾರೆ. ಮುಂದೆ ತೆರವಾದ ಜಾಗ ತುಂಬಲು ಜನವಿಲ್ಲ. ಸಮಿತಿಯವರು ಇದನ್ನು ಚಿಂತೆಯ ವಿಷಯವೆಂದು ವರದಿಯಲ್ಲಿ ಬರೆಯುತ್ತಾರೆ. ನನಗಂತೂ ಇದು ಬರೀ ಅಂಕಗಣಿತ. ಎಲ್ಲರೂ ಒಂದಲ್ಲ ಒಂದು ದಿನ ಹಿಂದಕ್ಕೆ ಬರುವವರೇ ಆದ ಮೇಲೆ ಕಾರ್ಯಕ್ರಮವನ್ನು ಹಿಂದಿನವರ ಲೆಕ್ಕದಲ್ಲೇ ಹಾಕಿಕೊಳ್ಳಬಾರದೇಕೆ?

ಹೊರಡುವ ಹೊತ್ತಿನ ವಿಚಾರ ಮೊದಲು. ಮುಂಬಯಿಯಲ್ಲಿ ಇದು ಜಾಗಕ್ಕಿಂತ ದೊಡ್ಡ ವಿಚಾರ. ನಮ್ಮ ಸದಸ್ಯರು ಡೊಂಬಿವಲಿ, ಠಾಣೆ, ಮುಲುಂಡ್, ಬೊರಿವಲಿ, ಮೀರಾ ರೋಡ್ ಎಂದು ಎರಡು ರೈಲುಮಾರ್ಗಗಳ ಉದ್ದಕ್ಕೂ ಚದುರಿದ್ದಾರೆ. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ ನಗರದ ಕಡೆಗೆ ಹೋಗುವ ಲೋಕಲ್ ಹತ್ತುವುದು ಎಪ್ಪತ್ತು ದಾಟಿದವರ ಕೆಲಸವಲ್ಲ. ಹಿರಿಯ ನಾಗರಿಕರಿಗೆಂದು ಕೆಲವು ಆಸನಗಳಿವೆ ನಿಜ, ಆ ಆಸನದವರೆಗೆ ತಲುಪುವ ಸೌಲಭ್ಯವನ್ನು ಮಾತ್ರ ರೈಲ್ವೆ ಕೊಟ್ಟಿಲ್ಲ. ಹನ್ನೊಂದರ ನಂತರ ಹೊರಟರೆ ಬಿಸಿಲು. ಭಾನುವಾರ ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಮೆಗಾ ಬ್ಲಾಕ್. ಸೋಮವಾರ ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ರಜೆ, ಎಲಿಫೆಂಟಾ ದ್ವೀಪದ ಗುಹೆಗಳಿಗೂ ರಜೆ. ಹೀಗೆ ಕಳೆಯುತ್ತಾ ಹೋದರೆ ಉಳಿಯುವುದು ವಾರದ ನಡುವಿನ ದಿನ, ಮತ್ತು ಜನ ಹೋಗುವ ದಿಕ್ಕಿಗೆ ವಿರುದ್ಧವಾದ ದಿಕ್ಕು.

ಈ ವಿರುದ್ಧ ದಿಕ್ಕಿನ ಸುಖವನ್ನು ನಾವು ನಿವೃತ್ತರಾದ ಮೇಲೆ ಕಂಡುಕೊಂಡೆವು. ಸೇವೆಯಲ್ಲಿದ್ದಷ್ಟು ಕಾಲವೂ ಡೊಂಬಿವಲಿಯವರಿಗೆ ಕಲ್ಯಾಣದ ಆಚೆ ಊರುಗಳಿವೆ ಎನ್ನುವುದು ನಿಲ್ದಾಣದ ಇಂಡಿಕೇಟರಿನಲ್ಲಿ ಬರುವ ಹೆಸರುಗಳಿಂದ ಮಾತ್ರ ಗೊತ್ತಿತ್ತು. ಎಂಟೂವರೆಗೆ ಕರ್ಜತ್ ಕಡೆಯ ಗಾಡಿ ಹತ್ತಿ ನೋಡಿ, ಕಿಟಕಿಯ ಪಕ್ಕ ಕುಳಿತು ಕಾಲು ಚಾಚಬಹುದು. ಅಂಬರನಾಥದ ಶಿವಾಲಯಕ್ಕೆ ನಾವು ಹೋದದ್ದು ಹೀಗೆಯೇ. ಕೊಂಕಣವನ್ನಾಳಿದ ಶಿಲಾಹಾರರ ಕಾಲದ್ದು, 1060ರ ಶಾಸನವಿರುವ ಗುಡಿ. ನಿಲ್ದಾಣದಿಂದ ರಿಕ್ಷಾದಲ್ಲಿ ಹೋಗುವಷ್ಟು ಹತ್ತಿರ, ಸುತ್ತ ಸಮತಟ್ಟು ಜಾಗ. ಹೊರಗೋಡೆಯ ಕೆತ್ತನೆಯನ್ನು ನಿಧಾನವಾಗಿ ಸುತ್ತುತ್ತಾ ನೋಡಬಹುದು. ಗರ್ಭಗುಡಿ ಮಾತ್ರ ನೆಲಮಟ್ಟಕ್ಕಿಂತ ಕೆಳಗಿದೆ, ಮೆಟ್ಟಿಲಿಳಿದು ಹೋಗಬೇಕು. ಇಳಿಯಲಾಗದ ಹಿರಿಯರೊಬ್ಬರು ಮೇಲಿನಿಂದಲೇ ಇಣುಕಿ ಕೈಮುಗಿದು, "ಇರಲಿ ಬಿಡಿ, ಶಿವನಿಗೆ ನಾನು ಕಾಣಿಸುತ್ತೇನಲ್ಲ, ಅಷ್ಟು ಸಾಕು" ಎಂದರು. ಕರಾವಳಿಯ ದೇವಸ್ಥಾನಗಳ ಅಂಗಳದಲ್ಲಿ ಬೆಳೆದವರಿಗೆ ದೂರದಿಂದ ಕೈಮುಗಿಯುವುದು ಹೊಸದೇನಲ್ಲ.

ಇನ್ನು ಎಸ್‌ಟಿ, ಅಂದರೆ ರಾಜ್ಯ ಸಾರಿಗೆ ಬಸ್ಸಿನ ಸಂಗತಿ. ಮಹಾರಾಷ್ಟ್ರದಲ್ಲಿ 2022ರ ಆಗಸ್ಟಿನಿಂದ ಎಪ್ಪತ್ತೈದು ದಾಟಿದವರಿಗೆ ಸರ್ಕಾರಿ ಬಸ್ಸು ಉಚಿತ, ಅರವತ್ತೈದರಿಂದ ಎಪ್ಪತ್ತೈದರವರೆಗೆ ಅರ್ಧ ಟಿಕೆಟ್. 2023ರ ಮಾರ್ಚಿನಿಂದ ವಯಸ್ಸು ಎಷ್ಟೇ ಇರಲಿ, ಹೆಂಗಸರಿಗೆ ಅರ್ಧ ಟಿಕೆಟ್. ಪನವೇಲಿನಿಂದ ಕರ್ನಾಳಾ ಪಕ್ಷಿಧಾಮಕ್ಕೆ ಹೋದಾಗ ನಮ್ಮ ಇಡೀ ಗುಂಪಿನಲ್ಲಿ ಪೂರ್ತಿ ಹಣ ಕೊಟ್ಟವರು ಇನ್ನೂ ಅರವತ್ತೈದು ತುಂಬದ ಒಬ್ಬರೇ ಗಂಡಸು. ಕಂಡಕ್ಟರ್ ಒಬ್ಬೊಬ್ಬರ ಆಧಾರ್ ಕಾರ್ಡು ನೋಡಿ ಹುಟ್ಟಿದ ವರ್ಷ ಕೂಡಿ ಕಳೆಯುತ್ತಿದ್ದರೆ, ಜೀವನವಿಡೀ ಬೇರೆಯವರ ಕಾಗದಪತ್ರ ಪರಿಶೀಲಿಸಿದ ನಮ್ಮ ಮಾಜಿ ಇನ್‌ಸ್ಪೆಕ್ಷನ್ ಅಧಿಕಾರಿಗಳು ಅವನ ಕೆಲಸದ ಕ್ರಮವನ್ನು ತಿದ್ದಲು ಹೊರಟರು. ಅವರನ್ನು ಕುಳ್ಳಿರಿಸುವಷ್ಟರಲ್ಲಿ ಬಸ್ಸು ಪನವೇಲು ದಾಟಿತ್ತು.

ಕರ್ನಾಳಾ ಇರುವುದು ಮುಂಬಯಿ–ಗೋವಾ ಹೆದ್ದಾರಿಯ ಬದಿಯಲ್ಲೇ. ಈ ಹೆದ್ದಾರಿ ನಮಗೆ ಬಹಳ ಹಳೆಯ ಪರಿಚಯ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾಗುವವರೆಗೆ ಊರಿಗೆ ಹೋಗುವುದೆಂದರೆ ರಾತ್ರಿ ಬಸ್ಸು, ವಾಂತಿಯ ಪ್ಲಾಸ್ಟಿಕ್ ಚೀಲ, ಘಟ್ಟದ ತಿರುವು. ಕರ್ನಾಳಾದ ಕಾಡು ದಾಟುವ ಹೊತ್ತಿಗೆ ಕತ್ತಲಾಗಿರುತ್ತಿತ್ತು, ಮಕ್ಕಳು ಮಲಗಿರುತ್ತಿದ್ದರು, ತಲೆಯಲ್ಲಿ ಊರಿನ ಮದುವೆಯೋ ತಿಥಿಯೋ ತುಂಬಿರುತ್ತಿತ್ತು. ಆ ಹೆಬ್ಬೆರಳಿನಂಥ ಬಂಡೆಯ ಶಿಖರವನ್ನು ಹಗಲಿನಲ್ಲಿ ಕತ್ತೆತ್ತಿ ನೋಡಿದ್ದು ನಮ್ಮಲ್ಲಿ ಬಹುಪಾಲು ಜನ ಅದೇ ಮೊದಲು. ಪಕ್ಷಿಗಳು? ಕಂಡವು ಎಂದು ಮುಂದಿನವರು ಹೇಳಿದರು. ಹಿಂದಿನವರು ಬರುವ ಹೊತ್ತಿಗೆ ಮುಂದಿನವರ ಮಾತಿನ ಅಬ್ಬರಕ್ಕೆ ಅವು ಹಾರಿಹೋಗಿದ್ದವು.

ಮುಂದಿನವರು–ಹಿಂದಿನವರು ಎಂಬ ಈ ತಾಪತ್ರಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವುದೇ ಗುಂಪು ನಡೆಯಲು ಶುರುಮಾಡಿದ ಕಾಲು ಗಂಟೆಯಲ್ಲಿ ಹಿಗ್ಗುತ್ತದೆ. ಬಿರುಸಾಗಿ ನಡೆಯುವವರು ಎಲ್ಲೋ ಒಂದು ಕಡೆ ನಿಂತು ಕಾಯುತ್ತಾರೆ, ನೀರು ಕುಡಿಯುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಅಲ್ಲಿಗೆ ತಲುಪುತ್ತಲೇ "ಬಂದರಲ್ಲ, ಹೊರಡೋಣ" ಎಂದು ಎದ್ದುಬಿಡುತ್ತಾರೆ. ಅಂದರೆ ವಿಶ್ರಾಂತಿ ಬೇಕಿಲ್ಲದವರಿಗೆ ಹತ್ತು ನಿಮಿಷದ ವಿಶ್ರಾಂತಿ, ಬೇಕಾದವರಿಗೆ ಒಂದು ನಿಮಿಷವೂ ಇಲ್ಲ. ಕಾದವರಿಗೆ ತಾವು ಉಪಕಾರ ಮಾಡಿದೆವೆಂಬ ಸಮಾಧಾನ, ಕಾಯಿಸಿದವರಿಗೆ ತಪ್ಪಿತಸ್ಥ ಭಾವನೆ. ಎರಡು ಬಾರಿ ಹೀಗಾದರೆ ಮೂರನೆಯ ಪ್ರವಾಸಕ್ಕೆ ಅವರು ಬರುವುದಿಲ್ಲ. "ಮನೆಯಲ್ಲಿ ಕೆಲಸವಿದೆ" ಎನ್ನುತ್ತಾರೆ. ಬಳಗದಿಂದ ಜನ ಕಳಚಿಕೊಳ್ಳುವುದು ಹೀಗೆ, ಸದ್ದಿಲ್ಲದೆ.

ನಾವು ಮಾಡಿಕೊಂಡ ನಿಯಮ ಸರಳ. ವಿಶ್ರಾಂತಿಯ ಹೊತ್ತು ಶುರುವಾಗುವುದು ಕೊನೆಯವರು ಕುಳಿತ ಮೇಲೆ. ಬಂದ ಮೇಲೆ ಎಂದೂ ಅಲ್ಲ, ಕುಳಿತ ಮೇಲೆ. ಈ ಒಂದು ಪದಕ್ಕಾಗಿ ಸಮಿತಿಯಲ್ಲಿ ನಾನು ಸಾಕಷ್ಟು ಗಂಟಲು ಹರಿದುಕೊಂಡಿದ್ದೇನೆ.

ಇನ್ನೊಂದು ವಿಷಯ ಯಾವ ಸುತ್ತೋಲೆಯಲ್ಲೂ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಪ್ರವಾಸದ ದಿನ ಅದನ್ನು ನುಂಗುವುದೇ ಇಲ್ಲ. ದಾರಿಯಲ್ಲಿ ಫಜೀತಿ ಬೇಡ ಎಂದು ನೀರನ್ನೂ ಕುಡಿಯುವುದಿಲ್ಲ. ಮುಂಬಯಿಯ ಸೆಕೆಯಲ್ಲಿ ಇದು ಅಪಾಯವನ್ನು ಕೈಹಿಡಿದು ಕರೆದಂತೆ. ಹೆಂಗಸರದ್ದು ಇನ್ನೂ ಕಷ್ಟ. ನಮ್ಮ ಕಾಲದ ಎಷ್ಟೋ ಶಾಖೆಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವೇ ಇರಲಿಲ್ಲ, ನೀರು ಕುಡಿಯದೆ ದಿನ ಕಳೆಯುವ ವಿದ್ಯೆಯನ್ನು ನಾವು ಕೆಲಸದೊಂದಿಗೇ ಕಲಿತೆವು. ಅದಕ್ಕಾಗಿ ಈಗ ಸಂದೇಶದಲ್ಲಿ ನಾನು ಮೊದಲು ಬರೆಯುವುದು ಶೌಚಾಲಯ ಎಲ್ಲೆಲ್ಲಿದೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ನಿಮಿಷದ ನಡಿಗೆ ಎಂಬುದನ್ನು. ಮಾತ್ರೆಯ ಹೊತ್ತು ಬದಲಿಸುವುದಿದ್ದರೆ ವೈದ್ಯರನ್ನು ಕೇಳಿ ಬದಲಿಸಿ, ಬಿಡಬೇಡಿ ಎಂದೂ ಬರೆಯುತ್ತೇನೆ. ಹಿಂದಿನ ವಲಯ ಕಚೇರಿಯ ದೊಡ್ಡ ಸಾಹೇಬರೊಬ್ಬರು ಇದನ್ನು ಓದಿ, "ಇಷ್ಟು ಬಹಿರಂಗವಾಗಿ ಬರೆಯಬೇಕೇ ಮೇಡಂ?" ಎಂದು ಕೇಳಿದರು. ಮುಂದಿನ ಪ್ರವಾಸದ ಹಿಂದಿನ ರಾತ್ರಿ ಅವರೇ ಫೋನು ಮಾಡಿ ವಿವರ ಕೇಳಿಕೊಂಡರು.

ಕಾನ್ಹೇರಿಯ ಬೌದ್ಧ ಗುಹೆಗಳ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಮುಂಬಯಿಯಲ್ಲಿ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಗುಹೆಗಳವರೆಗೆ ಆರೇಳು ಕಿಲೋಮೀಟರು. ನಡೆಯಬಲ್ಲವರು ನಡೆಯಬಹುದು, ಉಳಿದವರಿಗೆ ಉದ್ಯಾನದ ಬಸ್ಸಿದೆ. ರಸ್ತೆ ಅಗಲವಾಗಿರುವುದರಿಂದ ಮೂರು ನಾಲ್ಕು ಜನ ಪಕ್ಕಪಕ್ಕದಲ್ಲಿ ಮಾತಾಡುತ್ತಾ ಹೋಗಬಹುದು. ಗುಂಪಿನ ನಡಿಗೆಗೆ ಇದು ಬಹಳ ಮುಖ್ಯ, ಏಕೆಂದರೆ ಒಬ್ಬರ ಹಿಂದೆ ಒಬ್ಬರು ಹೋಗುವ ಕಾಲುದಾರಿಯಲ್ಲಿ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅರಣ್ಯದ್ದು ಒಂದು ಟಿಕೆಟು, ಗುಹೆಗಳ ಬಳಿ ಪುರಾತತ್ವ ಇಲಾಖೆಯದ್ದು ಇನ್ನೊಂದು. ಕೈಯಲ್ಲಿ ತಿಂಡಿಯ ಪೊಟ್ಟಣ ಕಂಡರೆ ಮಂಗಗಳು ಟಿಕೆಟನ್ನೂ ಕೇಳುವುದಿಲ್ಲ.

ನೂರಕ್ಕೂ ಹೆಚ್ಚು ಗುಹೆಗಳು, ಕಪ್ಪು ಬಸಾಲ್ಟ್ ಬೆಟ್ಟದಲ್ಲಿ ಸುಮಾರು ಒಂದು ಸಾವಿರ ವರ್ಷ ಕೊರೆದದ್ದು. ಅಷ್ಟನ್ನೂ ನೋಡಲು ಯಾರಿಂದಲೂ ಆಗುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಮೂರನೆಯ ಗುಹೆ, ಅಂದರೆ ಬೌದ್ಧರ ಪ್ರಾರ್ಥನಾಮಂದಿರವಾದ ದೊಡ್ಡ ಚೈತ್ಯ, ಪ್ರವೇಶದ ಹತ್ತಿರವೇ ಇದೆ. ಅದರ ಮೊಗಸಾಲೆಯ ಎರಡು ಬದಿಗೂ ಎತ್ತರದ ಬುದ್ಧರು ನಿಂತಿದ್ದಾರೆ. ನನ್ನ ತಂಡ, ಅಂದರೆ ಹಿಂದಿನವರ ತಂಡ, ಅಲ್ಲೇ ಬೀಡುಬಿಟ್ಟಿತು. ಮುಂದಿನವರು ಮೇಲಿನ ಗುಹೆಗಳಿಗೆ ಹೋದರು. ಅರ್ಧ ಗಂಟೆಯ ನಂತರ ಅವರು ಬಂದದ್ದು ಜಗಳವಾಡುತ್ತಾ. ಬಡ್ಡಿಯ ದರದ ಬಗ್ಗೆ!

ಆದದ್ದು ಇಷ್ಟು. ದರ್ಬಾರ್ ಗುಹೆ ಎಂದು ಕರೆಯುವ ಹನ್ನೊಂದನೆಯ ಗುಹೆಯಲ್ಲಿ ಒಂದು ಶಾಸನವಿದೆ. ಒಂಬತ್ತನೆಯ ಶತಮಾನದ್ದು, ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನೂ ಕೊಂಕಣದಲ್ಲಿ ಅವನ ಸಾಮಂತನಾಗಿದ್ದ ಶಿಲಾಹಾರ ಕಪರ್ದಿಯನ್ನೂ ಹೆಸರಿಸುವಂಥದ್ದು. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತ ನಮ್ಮ ನೃಪತುಂಗ ಬೊರಿವಲಿಯ ಬೆಟ್ಟದಲ್ಲಿ ಕಾಣಿಸಿಕೊಂಡದ್ದು ನಮ್ಮ ಕಲಬುರಗಿಯ ಸದಸ್ಯರಿಗೆ ಎದೆಯುಬ್ಬಿಸುವ ಸಂಗತಿಯಾಯಿತು. ಆದರೆ ಬ್ಯಾಂಕಿನವರ ಕಣ್ಣಿಗೆ ಬಿದ್ದದ್ದು ಬೇರೆ. ದೂರದ ಗೌಡ ದೇಶದಿಂದ, ಅಂದರೆ ಈಗಿನ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಇಲ್ಲಿನ ಭಿಕ್ಷುಗಳಿಗಾಗಿ ದ್ರಮ್ಮವೆಂಬ ನಾಣ್ಯಗಳ ಶಾಶ್ವತ ನಿಧಿ ಇಟ್ಟಿದ್ದಾನೆ. ಇದಕ್ಕಿಂತ ಎಷ್ಟೋ ಹಳೆಯದಾದ ಇಲ್ಲಿನ ಶಾಸನಗಳಲ್ಲೂ ಅಕ್ಷಯನೀವಿ ಎಂಬ ವ್ಯವಸ್ಥೆ ಬರುತ್ತದೆ: ಅಸಲನ್ನು ಮುಟ್ಟುವಂತಿಲ್ಲ, ಅದರ ಬಡ್ಡಿಯಿಂದ ಭಿಕ್ಷುಗಳ ಬಟ್ಟೆ ಮುಂತಾದ ಖರ್ಚು ನಡೆಯಬೇಕು. ಠೇವಣಿ ವಿಭಾಗದಲ್ಲೇ ಕೂದಲು ನರೆಸಿಕೊಂಡವರೊಬ್ಬರಿಗೆ ದರ ಎಷ್ಟೆಂದು ತಿಳಿಯದೆ ಸಮಾಧಾನವಿಲ್ಲ. ಇನ್ನೊಬ್ಬರಿಗೆ, ಠೇವಣಿದಾರ ಸತ್ತ ಮೇಲೆ ಬಡ್ಡಿ ಸರಿಯಾಗಿ ಸಲ್ಲುತ್ತಿದೆಯೇ ಎಂದು ಯಾರು ನೋಡುತ್ತಿದ್ದರು ಎಂಬ ಪ್ರಶ್ನೆ. "ಬಡ್ಡಿಯಲ್ಲಿ ತೆರಿಗೆ ಕಡಿಯಬೇಡಿ ಎಂದು ಏಪ್ರಿಲಿನಲ್ಲಿ 15ಎಚ್ ಫಾರಂ ಕೊಡುವ ತಲೆನೋವಂತೂ ಇರಲಿಲ್ಲ ಬಿಡಿ" ಎಂದು ಮೂರನೆಯವರು.

ಇಷ್ಟು ಕೇಳಿದ ಮೇಲೆ ನನ್ನ ತಂಡ ಸುಮ್ಮನಿರುತ್ತದೆಯೇ? "ನಾವೂ ನೋಡಬೇಕು" ಎಂದು ಎದ್ದವರಲ್ಲಿ ಮೊದಲಿಗರು ಎರಡೂ ಮಂಡಿ ಬದಲಾಯಿಸಿಕೊಂಡ ಆ ದೊಡ್ಡ ಸಾಹೇಬರು. ಮುಂದಿನವರು ಹತ್ತು ನಿಮಿಷದಲ್ಲಿ ಹೋದ ದಾರಿಗೆ ನಾವು ಅರ್ಧ ಗಂಟೆಗೂ ಹೆಚ್ಚು ತೆಗೆದುಕೊಂಡೆವು. ಹಾಗೆ ತೆಗೆದುಕೊಂಡದ್ದರಿಂದ ದಾರಿಯಲ್ಲಿ ಅವರಿಗೆ ಕಾಣದ್ದು ನಮಗೆ ಕಂಡಿತು. ಹೆಚ್ಚುಕಡಿಮೆ ಪ್ರತಿ ಗುಹೆಯ ಮುಂದೆಯೂ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿ. ಬೆಟ್ಟದ ಮೇಲೆ ಬಿದ್ದ ಮಳೆ ಪೋಲಾಗದಂತೆ ಬೆರಳಗಲದ ಕಾಲುವೆಗಳನ್ನು ಕಲ್ಲಿನಲ್ಲೇ ಕಡಿದು ತೊಟ್ಟಿಗೆ ತಿರುಗಿಸಿದ್ದಾರೆ. ನಮ್ಮಲ್ಲೊಬ್ಬ ಅಮ್ಮ ಬಗ್ಗಿ ಆ ಕಾಲುವೆಯಲ್ಲಿ ಬೆರಳಾಡಿಸುತ್ತಾ, ತಮ್ಮ ಹೌಸಿಂಗ್ ಸೊಸೈಟಿಗೆ ಏಪ್ರಿಲ್ ಬಂತೆಂದರೆ ಟ್ಯಾಂಕರಿನವನ ಕಾಲು ಹಿಡಿಯಬೇಕಾದ ಕಥೆ ಹೇಳಿದರು. ದರ್ಬಾರ್ ಗುಹೆಯ ಒಳಗೆ ಉದ್ದಕ್ಕೂ ಎರಡು ತಗ್ಗಿನ ಕಲ್ಲುಜಗಲಿಗಳಿವೆ, ಎದುರುಬದುರು ಕುಳಿತು ಓದಲೆಂದೋ ಉಣ್ಣಲೆಂದೋ ಮಾಡಿದಂತೆ. ಹೊರಗಿನ ಬಿಸಿಲಿನಿಂದ ಬಂದ ಮೈಗೆ ಒಳಗಿನ ತಂಪು ತಾಗಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಾಹೇಬರು ಹೇಳಿದರು: "ಇದನ್ನು ಕೊರೆಸಿದವನಿಗೆ ಮಂಡಿ ನೋವು ಇದ್ದಿರಬೇಕು."

ಎಲಿಫೆಂಟಾದಲ್ಲಿ ಈ ಸುಖವಿಲ್ಲ. ದೋಣಿಯಲ್ಲಿ ಒಂದು ಗಂಟೆ ಹೋಗಿ, ಜೆಟ್ಟಿಯ ಪುಟಾಣಿ ರೈಲಿನಿಂದ ಇಳಿದ ಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ಹತ್ತಲಾಗದವರನ್ನು ಹೊತ್ತೊಯ್ಯುವ ಡೋಲಿಯವರು ಕೆಳಗೆ ಸಿಗುತ್ತಾರೆ. ನಾಲ್ಕು ಜನರ ಹೆಗಲ ಮೇಲೆ ಹೋಗುವುದಕ್ಕೆ ಇನ್ನೂ ಕಾಲವಿದೆ ಎಂದು ನಮ್ಮವರೊಬ್ಬರು ಹಾಸ್ಯ ಮಾಡಿ ಹತ್ತಲು ಒಪ್ಪಲಿಲ್ಲ. ಅಲ್ಲಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ, ಆ ತ್ರಿಮುಖದ ಶಿವನ ಮುಂದೆ ಒಮ್ಮೆ ನಿಲ್ಲಬೇಕು. ಆದರೆ ಬಳಗದ ಹೆಸರಿನಲ್ಲಿ ಬೇಡ. ಆಗುವವರು ಮಕ್ಕಳು ಮೊಮ್ಮಕ್ಕಳೊಂದಿಗೆ ಹೋಗಿ ಬರಲಿ.

ಊಟದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಹೇಳಿದರೆ ಮಂಗಳೂರಿನವರಿಗೂ ಧಾರವಾಡದವರಿಗೂ ಮತ್ತೆ ಹತ್ತಿಕೊಳ್ಳುತ್ತದೆ. ಮಾಟುಂಗದಲ್ಲಿ ಬಾಳೆಲೆ ಊಟ ಎಂದರೆ ಎಲ್ಲರೂ ಒಪ್ಪುತ್ತಾರೆ ಎಂಬಲ್ಲಿಗೆ ನಿಲ್ಲಿಸುತ್ತೇನೆ. ಅಲ್ಲಿಯೂ ಮಹಡಿ ಹತ್ತಬೇಕಾದ ಕಡೆ ಮೊದಲೇ ಫೋನು ಮಾಡಿ ಕೆಳಗೆ ಜಾಗ ಕೇಳುತ್ತೇನೆ, ಸಿಗದಿದ್ದರೆ ಬೇರೆ ಹೋಟೆಲು.

ನವೆಂಬರಿನ ನಡಿಗೆ ಮಾತ್ರ ವಿಶೇಷ. ಅದು ಜೀವಿತ ಪ್ರಮಾಣಪತ್ರದ ತಿಂಗಳು. ನಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ರುಜುವಾತು ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಮೊದಲು ಶಾಖೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ಈಗ ಫೋನಿನಲ್ಲೇ ಮುಖ ತೋರಿಸಿ ಕೆಲಸ ಮುಗಿಸಬಹುದು. ಆದ್ದರಿಂದ ಠಾಣೆಯಲ್ಲಿ ಸದಸ್ಯರೊಬ್ಬರ ಸೊಸೈಟಿಯ ತೋಟದಲ್ಲಿ ನಾಲ್ಕು ಸುತ್ತು ನಡೆದು, ಬೆಳಕು ಚೆನ್ನಾಗಿರುವ ಕಡೆ ಕುರ್ಚಿ ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ ಮುಖ ತೋರಿಸುತ್ತೇವೆ. ಫೋನು ಕಣ್ಣು ಮಿಟುಕಿಸಲು ಹೇಳುತ್ತದೆ. ಕೆಲವರು ಮಿಟುಕಿಸುವ ಬದಲು ಕಣ್ಣು ಮುಚ್ಚಿಬಿಡುತ್ತಾರೆ, ಕೆಲವರು ಹುಬ್ಬು ಹಾರಿಸುತ್ತಾರೆ. ಯೂನಿಯನ್ ಕಾಲದಲ್ಲಿ ಆಡಳಿತ ಮಂಡಳಿಯ ಮುಂದೆ ರೆಪ್ಪೆ ಅಲುಗಿಸದೆ ಕುಳಿತಿರುತ್ತಿದ್ದ ನಾಯಕರೊಬ್ಬರದು ಏನು ಮಾಡಿದರೂ ಆಗಲಿಲ್ಲ. ಸುತ್ತ ನಿಂತವರೆಲ್ಲ "ಕಣ್ಣು ಹೊಡೀರಿ ಸರ್" ಎಂದು ಕೂಗುತ್ತಿದ್ದರೆ ಅವರ ಪತ್ನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಪತ್ನಿಯರ ವಿಷಯದಲ್ಲಿ ಬಳಗಕ್ಕೆ ಒಂದು ಬಿಕ್ಕಟ್ಟು ಬಂದಿತ್ತು. ನಿಯಮದ ಪ್ರಕಾರ ಸದಸ್ಯರೆಂದರೆ ನಿವೃತ್ತ ಸಿಬ್ಬಂದಿ. ಪತ್ನಿ ಅಥವಾ ಪತಿ ಕುಟುಂಬದ ಲೆಕ್ಕದಲ್ಲಿ ಬರಬಹುದು. ಸದಸ್ಯರೇ ತೀರಿಕೊಂಡರೆ? ಕೆಲವು ಅಮ್ಮಂದಿರು ವರ್ಷ ಕಳೆದ ಮೇಲೆ ಫೋನು ಮಾಡಿ, "ನಾನು ಬರಬಹುದೇ?" ಎಂದು ಅಳುಕುತ್ತಾ ಕೇಳುತ್ತಿದ್ದರು. ಬರುತ್ತಿದ್ದರು ಕೂಡ. ಮಹಾಸಭೆಯಲ್ಲಿ ಒಬ್ಬರು ಎದ್ದು, ಇದು ಸಿಬ್ಬಂದಿಯ ಬಳಗ, ಮಹಿಳಾ ಮಂಡಳಿಯಲ್ಲ ಎಂದರು. ಹಾಗೆಂದವರ ಮನೆಗೆ ಪ್ರತಿ ಪ್ರವಾಸದ ಮರುದಿನ ಈ ಅಮ್ಮಂದಿರು ಮಾಡಿದ ಬನ್ಸು ಹೋಗುತ್ತದೆ ಎಂಬುದು ನನಗೆ ಗೊತ್ತು. ಆ ದಿನ ವಾದ ಗೆದ್ದುಕೊಟ್ಟವರು ಕಾನೂನು ವಿಭಾಗದಲ್ಲಿದ್ದ ಹಿರಿಯರು. ಕುಟುಂಬ ಪಿಂಚಣಿ ಪಡೆಯುವವರೂ ಬ್ಯಾಂಕಿನ ಪಿಂಚಣಿದಾರರೇ, ನವೆಂಬರಿನಲ್ಲಿ ಅವರೂ ನಮ್ಮಂತೆಯೇ ಜೀವಿತ ಪ್ರಮಾಣ ಕೊಡಬೇಕು, ಬ್ಯಾಂಕಿಗೆ ಅವರು ಬೇಕಾದರೆ ಬಳಗಕ್ಕೆ ಏಕೆ ಬೇಡ ಎಂದು ಅವರು ಕೇಳಿದಾಗ ಸಭೆ ತಣ್ಣಗಾಯಿತು. ಕೊನೆಗೆ ಸಹಸದಸ್ಯತ್ವ ಕೊಟ್ಟರು, ಮತದಾನದ ಹಕ್ಕು ಕೊಡಲಿಲ್ಲ. ಇದು ಅರೆಮನಸ್ಸಿನ ನ್ಯಾಯ ಎಂದು ನಾನು ಈಗಲೂ ಹೇಳುತ್ತೇನೆ. ಸಾಲಿನ ಹಿಂದೆ ನನ್ನ ಜೊತೆ ಹೆಚ್ಚು ನಡೆಯುವವರು ಇವರೇ. ಗಂಡನ ಕಚೇರಿಯ ಜಗಳ, ವರ್ಗಾವಣೆ, ಬಡ್ತಿ ತಪ್ಪಿದ ಕಥೆಗಳೆಲ್ಲ ಅವರಿಗೆ ಕಂಠಪಾಠ. ನನ್ನದೇ ಶಾಖೆಯಲ್ಲಿ ನನ್ನ ಬೆನ್ನ ಹಿಂದೆ ನಡೆದ ಒಂದೆರಡು ಸಂಗತಿಗಳು ನನಗೆ ತಿಳಿದದ್ದು ಇವರಿಂದ.

ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ನಡಿಗೆಯನ್ನು ಮಾತ್ರ ನಾನು ಯೋಜಿಸಿದ್ದಲ್ಲ. ಅದನ್ನು ನಡೆಸಿಕೊಟ್ಟವರು ನಮ್ಮಲ್ಲಿ ಕಾಗದಪತ್ರ ಹೊರುವ ದಫ್ತರಿಯಾಗಿ ಸೇರಿ ಅಧಿಕಾರಿಯಾಗಿ ನಿವೃತ್ತರಾದ ಒಬ್ಬರು. ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಬಂದು ಹೋಟೆಲಿನಲ್ಲಿ ಮೇಜು ಒರೆಸುತ್ತಾ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅಂಥವರು ಮುಂಬಯಿಯಲ್ಲಿ ಸಾವಿರಾರು ಜನ. ಈ ನಗರದ ಕನ್ನಡದ ಬದುಕು ನಿಂತಿರುವುದೇ ಆ ರಾತ್ರಿ ಶಾಲೆಗಳ ಬೆಂಚುಗಳ ಮೇಲೆ. ಅವರಿಗೀಗ ಉಬ್ಬಸ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಬೇರೆ ಪ್ರವಾಸಗಳಲ್ಲಿ ನನ್ನ ಪಕ್ಕದಲ್ಲಿ ಇರುವವರು, ಅಂದು ಎಲ್ಲರ ಮುಂದಿದ್ದರು.

ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದಿಂದ ಹೊರಟು ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಕೆಳಗೆ ನೆರಳಿನಲ್ಲೇ ಸಾಗಿದೆವು. ನಿಲ್ದಾಣದ ಕಟ್ಟಡದ ಬಗ್ಗೆ, ಅದಕ್ಕೆ 2004ರಲ್ಲಿ ಸಿಕ್ಕ ವಿಶ್ವ ಪರಂಪರೆಯ ಪಟ್ಟದ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಅವ್ಯಾವುವೂ ಅವರಿಗೆ ಬೇಕಿರಲಿಲ್ಲ. ಒಂದು ಗಲ್ಲಿಯ ತುದಿಯಲ್ಲಿ ನಿಂತು, ಈಗ ಮೊಬೈಲ್ ಕವರು ಮಾರುವ ಅಂಗಡಿಯನ್ನು ತೋರಿಸಿ, ಅಲ್ಲಿದ್ದ ಹೋಟೆಲಿನ ಗ್ರೈಂಡರಿನ ಪಕ್ಕ ಗೋಣಿ ಹಾಸಿ ಮಲಗುತ್ತಿದ್ದುದನ್ನು ಹೇಳಿದರು. ಇನ್ನೊಂದು ಕಡೆ, ಮರದ ಮೆಟ್ಟಿಲಿನ ಹಳೆಯ ಕಟ್ಟಡವೊಂದರ ಮುಂದೆ, ತರಗತಿ ಮುಗಿದು ಇಳಿಯುವಾಗ ಹಸಿವಿಗೆ ಕತ್ತಲೆ ಕವಿದು ಬಿದ್ದದ್ದನ್ನು. ಆಮೇಲೆ ಬ್ಯಾಂಕಿನ ಕಾಲ: ಬೇರೆ ಬ್ಯಾಂಕುಗಳ ಚೆಕ್ಕು ತುಂಬಿದ ಕ್ಲಿಯರಿಂಗ್ ಚೀಲ ಹೆಗಲಿಗೇರಿಸಿ ಮಳೆಯಲ್ಲಿ ಚೆಕ್ಕು ನೆನೆಯದಂತೆ ಎದೆಗವಚಿಕೊಂಡು ರಿಸರ್ವ್ ಬ್ಯಾಂಕಿನ ಕಡೆಗೆ ಓಡುತ್ತಿದ್ದ ದಾರಿ. ಯಾವ ಕಮಾನಿನ ಕೆಳಗೆ ಮಳೆ ಎರಚುವುದಿಲ್ಲ, ಯಾವ ಕಟ್ಟಡದ ಕಾವಲುಗಾರ ಒಳಗಿನಿಂದ ಹಾದುಹೋಗಲು ಬಿಡುತ್ತಿದ್ದ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಆ ಚೆಕ್ಕುಗಳಿಗೆ ಸಹಿ ಹಾಕಿ ಕಳುಹಿಸುತ್ತಿದ್ದ ಅಧಿಕಾರಿಗಳು ಬಾಯಿ ತೆರೆದು ಕೇಳುತ್ತಿದ್ದರು.

ನಾನು ಅಭ್ಯಾಸಬಲದಿಂದ ಹಿಂದೆ ನಡೆಯುತ್ತಿದ್ದೆ, ಆದರೆ ಅಲ್ಲಿ ನನಗೆ ಕೆಲಸವೇ ಇರಲಿಲ್ಲ. ಮುಂದಿರುವವರೇ ಎಲ್ಲರಿಗಿಂತ ನಿಧಾನವಾದ್ದರಿಂದ ಸಾಲು ಹಿಗ್ಗಲೇ ಇಲ್ಲ. ಹಾರ್ನಿಮನ್ ವೃತ್ತದ ತೋಟದಲ್ಲಿ ಎಲ್ಲರೂ ಒಟ್ಟಿಗೆ ಕುಳಿತೆವು. ಎದುರಿಗೆ 1833ರ ಟೌನ್ ಹಾಲ್, ಅದರ ಮೂವತ್ತು ಮೆಟ್ಟಿಲು. ಆ ಮೆಟ್ಟಿಲ ಮೇಲೆ ಕುಳಿತು ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೆ, ಬೀದಿದೀಪ ಚೆನ್ನಾಗಿತ್ತು ಎಂದರು ದಫ್ತರಿಯವರು. ಯಾರಿಗೂ ಹತ್ತಿ ನೋಡಬೇಕು ಅನ್ನಿಸಲಿಲ್ಲ. ಕೆಳಗಿನಿಂದಲೇ ಸಾಕಷ್ಟು ಕಂಡಿತ್ತು.

ಆ ದಿನದಿಂದ ನಾನು ಸಮಿತಿಯ ಮುಂದೆ ಒಂದು ಸಲಹೆ ಇಟ್ಟಿದ್ದೇನೆ. ಪ್ರತಿ ನಡಿಗೆಯಲ್ಲೂ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಒಬ್ಬರನ್ನು ಮುಂದೆ ಬಿಡಬೇಕು, ಅವರನ್ನು ಯಾರೂ ದಾಟಬಾರದು. ಬಿರುಸು ಕಾಲಿನವರು ಗೊಣಗುತ್ತಿದ್ದಾರೆ. ಅವರಿಗೆ ಬೇಕಿದ್ದರೆ ಬೆಳಿಗ್ಗೆ ಐದಕ್ಕೆ ಎದ್ದು ತಮ್ಮ ತಮ್ಮ ಬಡಾವಣೆಯಲ್ಲಿ ಎಷ್ಟು ಬೇಕೋ ಅಷ್ಟು ಓಡಲಿ, ಬಳಗದ ಅಡ್ಡಿಯಿಲ್ಲ.

ಮುಂದಿನ ಪ್ರವಾಸಕ್ಕೆ ವಸಾಯಿ ಕೋಟೆ ಎಂದಾಗಿದೆ. ಪೋರ್ಚುಗೀಸರಿಂದ 1739ರಲ್ಲಿ ಮರಾಠರ ಸೇನಾನಿ ಚಿಮಾಜಿ ಅಪ್ಪಾ ಗೆದ್ದ ಕೋಟೆ. ಸಮತಟ್ಟು ನೆಲ, ಮರಗಳ ನೆರಳು, ಚಾವಣಿಯಿಲ್ಲದ ಇಗರ್ಜಿಗಳು, ಬೆಟ್ಟ ಹತ್ತುವ ಪ್ರಮೇಯವಿಲ್ಲ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಕುಳಿತುಕೊಳ್ಳಲು ಜಾಗ ಎಲ್ಲೆಲ್ಲಿದೆ, ಶೌಚಾಲಯ ಬಳಸುವಂತಿದೆಯೇ, ನಿಲ್ದಾಣದಿಂದ ರಿಕ್ಷಾದವರು ಎಷ್ಟು ಕೇಳುತ್ತಾರೆ ಎಂಬುದನ್ನು ಮೊದಲೇ ಹೋಗಿ ನೋಡಿ ಬರಬೇಕು. ನೋಡಿ ಬರಲು ಇಬ್ಬರು ಚುರುಕು ಕಾಲಿನವರು ಮುಂದೆ ಬಂದಿದ್ದರು, ನಾನು ಬೇಡವೆಂದೆ. ಗುರುವಾರ ಬೆಳಿಗ್ಗೆ ಮಂಡಿ ಬದಲಾಯಿಸಿಕೊಂಡ ಸಾಹೇಬರು, ಅವರ ಪತ್ನಿ, ಉಬ್ಬಸದ ದಫ್ತರಿಯವರು ಮತ್ತು ನಾನು ಹೋಗುತ್ತಿದ್ದೇವೆ. ಸಾಹೇಬರು ಎಲ್ಲಿ ಸಾಕು ಎನ್ನುತ್ತಾರೋ ಅಲ್ಲಿಗೆ ಕಾರ್ಯಕ್ರಮ ಮುಗಿಸುವುದೆಂದು ಕಾರ್ಯದರ್ಶಿಯವರಿಗೆ ತಿಳಿಸಿಯಾಗಿದೆ.